ತೋಟೆ ತುಂಬುವುದನ್ನು ಬಿಟ್ಟ ಮೇಲೆ

ಶಿರಸಿಯಿಂದ ಹುಲೇಕಲ್ ಕಡೆಗೆ ಹೋಗುವ ದಾರಿಯಲ್ಲಿ, ಸೊಪ್ಪಿನ ಬೆಟ್ಟದ ಬುಡದಲ್ಲಿ ನಮ್ಮ ಅಡಕೆ ತೋಟವಿದೆ. ಬೆಳೆರಕ್ಷಣೆಯ ಪರವಾನಗಿಯ ಮೇಲೆ ನಮ್ಮ ಮನೆಯಲ್ಲಿರುವುದು 12 ಬೋರಿನ (ಬೋರು ಎಂದರೆ ನಳಿಗೆಯ ಒಳಗಲದ ಅಳತೆ) ಒಂಟಿ ನಳಿಗೆಯ ತೋಟೆ ಕೋವಿ, ಎಂದರೆ ಮದ್ದು-ಚರೆ ತುಂಬಿದ ತೋಟೆಯನ್ನು ಹಿಂಬದಿಯಿಂದ ಹಾಕಿ ಹಾರಿಸುವಂಥದ್ದು. ಅದು ಅಪ್ಪಯ್ಯನ ಕಾಲದ್ದು. ಅಜ್ಜನ ಕಾಲದಲ್ಲಿ ಬಾಯಿಯಿಂದ ಮದ್ದು ತುಂಬುವ ಕೇಪಿನ ಕೋವಿಯೂ ಇತ್ತು. ಅಪ್ಪಯ್ಯ ತೀರಿಕೊಂಡಾಗ ಕೋವಿಯನ್ನು ಠಾಣೆಗೆ ಒಪ್ಪಿಸಿ, ಕಾರವಾರದ ಜಿಲ್ಲಾಧಿಕಾರಿ ಕಚೇರಿಯಿಂದ ನನ್ನ ಹೆಸರಿಗೆ ಪರವಾನಗಿ ಪಡೆದ ಮೇಲೆಯೇ ಅದನ್ನು ಮತ್ತೆ ಮನೆಗೆ ತಂದೆ. ಈ ಕೋವಿ ಇರುವುದು ಬೇಟೆಗಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಅಡಿಯಲ್ಲಿ ಬೇಟೆ ನಿಷಿದ್ಧ, ಬೆಳೆರಕ್ಷಣೆಯ ಪರವಾನಗಿ ಎಂದರೆ ಪ್ರಾಣಿಯನ್ನು ಕೊಲ್ಲಲು ಕೊಟ್ಟ ಅಪ್ಪಣೆಯಲ್ಲ. ಬಾಳೆಗೆ ಬರುವ ಕಾಡುಹಂದಿಯನ್ನೂ ಅಡಕೆಯ ಸಿಂಗಾರ (ಹೂಗೊಂಚಲು) ಹರಿಯುವ ಮಂಗಗಳನ್ನೂ ಸದ್ದಿನಿಂದ ಓಡಿಸುವುದಷ್ಟೇ ನನ್ನ ಬಳಕೆ.

ಅಪ್ಪಯ್ಯ ತೋಟೆಗಳನ್ನು ಮನೆಯಲ್ಲೇ ತುಂಬುತ್ತಿದ್ದರು. ಒಮ್ಮೆ ಹಾರಿಸಿದ ಹಿತ್ತಾಳೆಯ ಕೋಶಗಳನ್ನು ಎಸೆಯದೆ, ಅಡಕೆ ಕೊಯ್ಲಿಗೆ ಮೊದಲು ಸಿಗುವ ಬಿಡುವಿನಲ್ಲಿ ಜಗುಲಿಯ ಮೇಲೆ ಚಾಪೆ ಹಾಸಿ, ಕಿಡಿ ಹೊತ್ತಿಸುವ ಹೊಸ ಕೇಪು ಕೂರಿಸಿ, ಮದ್ದು, ರಟ್ಟಿನ ಬಿಲ್ಲೆ, ಚರೆಗಳನ್ನು (ಸಣ್ಣ ಗುಂಡುಗಳನ್ನು) ಒಂದರ ಮೇಲೊಂದು ಹಾಕಿ ಒತ್ತುತ್ತಿದ್ದುದನ್ನು ನಾನು ಬಾಲ್ಯದಿಂದ ನೋಡಿದ್ದೇನೆ. ಆಗ ಊರಿನ ನಾಲ್ಕಾರು ಮನೆಗಳಲ್ಲಿ ಇದೇ ರೂಢಿಯಿತ್ತು. ಯಾರಿಗೂ ಇದು ತಪ್ಪೆಂದು ಅನಿಸಿರಲಿಲ್ಲ. ಆದರೆ 1959ರ ಶಸ್ತ್ರಾಸ್ತ್ರ ಕಾಯ್ದೆಯ ಪ್ರಕಾರ ಮದ್ದುಗುಂಡು ತಯಾರಿಸುವುದಕ್ಕೆ ಪ್ರತ್ಯೇಕ ಪರವಾನಗಿ ಬೇಕು. ಕೋವಿ ಇಟ್ಟುಕೊಳ್ಳುವ ಪರವಾನಗಿ ಅದಕ್ಕೆ ಸಾಲುವುದಿಲ್ಲ. ನಾನು ಆ ಕೆಲಸವನ್ನು ಕೈಬಿಟ್ಟಿದ್ದು ಮಾತ್ರ ಕಾನೂನನ್ನು ಓದಿ ಅಲ್ಲ, ಒಂದು ರಾತ್ರಿಯ ಅನುಭವದಿಂದ.

ನನಗೆ ಆಗ 22 ವರ್ಷ. ಕೆಳಗಿನ ತೋಟದಲ್ಲಿ ಹಂದಿ ಬಾಳೆಯ ಬುಡ ಮಗುಚುತ್ತಿದ್ದ ಸದ್ದು ಕೇಳಿ ನಾನೂ ಅಪ್ಪಯ್ಯನೂ ಹೋಗಿದ್ದೆವು. ಎದುರಿನ ಮಣ್ಣಿನ ಧರೆಗೆ (ಕಡಿದಾದ ದಿಬ್ಬಕ್ಕೆ) ಗುರಿಯಿಟ್ಟು, ಬೆದರಿಸಲೆಂದು ಒಂದು ಈಡು ಹಾರಿಸಿದೆ. ಎಂದಿನ ಹೊಡೆತ ಭುಜಕ್ಕೆ ಬರಲಿಲ್ಲ. ಗಂಟಲಲ್ಲಿ ಸಿಕ್ಕಿಕೊಂಡ ಕೆಮ್ಮಿನಂತೆ 'ಟುಸ್' ಎಂಬ ಸದ್ದು ಬಂತು, ಅಷ್ಟೇ. ಹಂದಿ ಇನ್ನೂ ಅಲ್ಲೇ ಇದ್ದುದರಿಂದ ಅವಸರದಲ್ಲಿ ಕೋವಿ ಮುರಿದು (ಕೀಲಿನಲ್ಲಿ ನಳಿಗೆ ಬಗ್ಗಿಸಿ ತೆರೆದು), ಖಾಲಿ ಕೋಶ ತೆಗೆದು, ಜೇಬಿನಿಂದ ಇನ್ನೊಂದು ತೋಟೆ ತೆಗೆದಿದ್ದೆ. ಅಪ್ಪಯ್ಯ ನನ್ನ ಮಣಿಕಟ್ಟನ್ನು ಹಿಡಿದುಕೊಂಡರು. "ತಮಾ, ನಳಿಗೆ ನೋಡ್ದೇ ತೋಟೆ ಹಾಕಡ" ಎಂದರು. ಅವರ ದನಿ ನಡುಗುತ್ತಿತ್ತು.

ಮನೆಗೆ ಬಂದು ನಳಿಗೆಯನ್ನು ಕೋವಿಯ ಮರದಿಂದ (ಮರದ ಹಿಡಿಯಿಂದ) ಬಿಚ್ಚಿ ದೀಪದ ಕಡೆ ಹಿಡಿದರೆ ಬೆಳಕು ಕಾಣಲಿಲ್ಲ. ಹಿಂಬದಿಯಿಂದ ಒಂದು ಗೇಣು ಮುಂದೆ ರಟ್ಟಿನ ಬಿಲ್ಲೆ ಅಡ್ಡಲಾಗಿ ಕುಳಿತಿತ್ತು, ಅದರ ಮುಂದೆ ಚರೆಗಳಿದ್ದವು. ಉದ್ದದ ಮರದ ಕೋಲನ್ನು ನಳಿಗೆಯ ಬಾಯಿಯಿಂದ ತೂರಿಸಿ ನಿಧಾನವಾಗಿ ತಳ್ಳಿದಾಗ ಬಿಲ್ಲೆ ಹೊರಬಿತ್ತು. ಅದರ ಹಿಂದೆಯೇ ಚರೆಗಳು ಜಗುಲಿಯ ಮೇಲೆ ಸಾಸಿವೆ ಚೆಲ್ಲಿದಂತೆ ಉರುಳಿದವು. ಬಿಲ್ಲೆಯ ಒಂದು ಮುಖಕ್ಕೆ ಅರೆಬೆಂದ ಮದ್ದು ಕಪ್ಪು ಕೆಸರಿನಂತೆ ಅಂಟಿಕೊಂಡಿತ್ತು. ಮದ್ದು ತೇವ ಎಳೆದುಕೊಂಡಿತ್ತೋ, ತುಂಬುವಾಗ ಕಡಿಮೆ ಬಿದ್ದಿತ್ತೋ, ಇಂದಿಗೂ ಹೇಳಲಾರೆ. ಎರಡನೆಯ ತೋಟೆಯನ್ನು ಹಾಕಿ ಹಾರಿಸಿದ್ದರೆ, ಆ ಅಡ್ಡಿಯ ಹಿಂದೆ ಒತ್ತಡ ಕಟ್ಟಿಕೊಂಡು ನಳಿಗೆ ಅಲ್ಲೇ ಹೊಟ್ಟೆ ಬಿಡುತ್ತಿತ್ತು ಇಲ್ಲವೇ ಸೀಳುತ್ತಿತ್ತು. ನನ್ನ ಎಡಗೈ ಇದ್ದದ್ದು ಸರಿಯಾಗಿ ಆ ಜಾಗದಲ್ಲೇ. ಆ ವರ್ಷದಿಂದ ನಮ್ಮ ಮನೆಯಲ್ಲಿ ತೋಟೆ ತುಂಬಲಿಲ್ಲ. ಮಿಕ್ಕ ಸಾಮಾನನ್ನು ಅಪ್ಪಯ್ಯ ಪರವಾನಗಿ ಇರುವ ಕೋವಿ ವ್ಯಾಪಾರಿಯೊಬ್ಬರಿಗೆ ಒಪ್ಪಿಸಿ ಬಂದರು.

ಕಾರ್ಖಾನೆಯ ತೋಟೆ ಕೊಂಡರೆ ಚಿಂತೆಯಿಲ್ಲ ಎಂದು ತಿಳಿದಿದ್ದೆ. ಅದೂ ಪೂರ್ತಿ ನಿಜವಲ್ಲ. ಪುಣೆಯ ಖಡಕಿಯ ಸರ್ಕಾರಿ ಕಾರ್ಖಾನೆಯ 'ಶಕ್ತಿಮಾನ್' ತೋಟೆಗಳೇ ನಮ್ಮ ಕಡೆ ಹೆಚ್ಚು ಬಳಕೆಯಲ್ಲಿರುವುದು. ಅಂಗಡಿಯವರು ಪರವಾನಗಿ ಪುಸ್ತಕದಲ್ಲಿ ನಮೂದಿಸಿಯೇ ಕೊಡುತ್ತಾರೆ, ಮಂಜೂರಾದ ಮಿತಿಗಿಂತ ಒಂದೂ ಹೆಚ್ಚು ಸಿಗುವುದಿಲ್ಲ. ತೊಂದರೆ ಬರುವುದು ಅಳತೆಯಲ್ಲಿ. ನಮ್ಮ ಹಳೆಯ ನಳಿಗೆಯ ಅಡಿಯಲ್ಲಿ '12' ಎಂಬುದರ ಜೊತೆಗೆ 2½ ಇಂಚು ಎಂಬ ಗುರುತಿದೆ, ಎಂದರೆ ತೋಟೆ ಕೂರುವ ಮನೆ ಸುಮಾರು 65 ಮಿಲಿಮೀಟರ್ ಉದ್ದದ್ದು. ಒಮ್ಮೆ ಅಂಗಡಿಯಲ್ಲಿ 70 ಮಿಲಿಮೀಟರಿನ ತೋಟೆಗಳನ್ನು ಕೊಟ್ಟರು. ಹಾಕಿ ನೋಡಿದರೆ ಸಲೀಸಾಗಿ ಕೂರುತ್ತದೆ! ಮೋಸ ಇರುವುದೇ ಇಲ್ಲಿ. ತೋಟೆಯ ಮೇಲೆ ಬರೆದಿರುವ ಉದ್ದ ಹಾರಿಸಿದ ನಂತರ ಅದರ ಮಡಿಸಿದ ಬಾಯಿ ಬಿಚ್ಚಿಕೊಂಡಾಗಿನ ಉದ್ದ. ಹಾರಿಸುವ ಮೊದಲು ಅದು ಗಿಡ್ಡವಾಗಿಯೇ ಇರುತ್ತದೆ. ಹಾರಿದ ಕ್ಷಣದಲ್ಲಿ ಆ ಬಾಯಿ ನಳಿಗೆಯ ಕಿರಿದಾದ ಭಾಗಕ್ಕೆ ಬಿಚ್ಚಿಕೊಂಡು, ಚರೆಗಳು ಹೋಗುವ ದಾರಿಯನ್ನೇ ಇಕ್ಕಟ್ಟು ಮಾಡಿ ಒತ್ತಡವನ್ನು ಏರಿಸುತ್ತದೆ. ಪೆಟ್ಟಿಗೆಯನ್ನು ಹಾಗೆಯೇ ಮರಳಿಸಿದೆ. ಅಂಗಡಿಯಾತ "ಎಲ್ಲರೂ ಇದನ್ನೇ ಒಯ್ಯುತ್ತಾರಲ್ಲ ಭಟ್ರೇ" ಎಂದ. ಒಯ್ಯಲಿ, ಅವರ ಕೋವಿಯ ಅಳತೆ ನನಗೆ ಗೊತ್ತಿಲ್ಲ ಎಂದು ಹೇಳಿ ಬಂದೆ.

ಇದಕ್ಕಿಂತ ದೊಡ್ಡ ಅಪಾಯ ಎರಡು ಬೋರಿನ ತೋಟೆಗಳು ಒಂದೇ ಚೀಲದಲ್ಲಿ ಬೆರೆಯುವುದು. 12 ಬೋರಿನ ನಳಿಗೆಯೊಳಗೆ ಅದಕ್ಕಿಂತ ಸಪೂರವಾದ 20 ಬೋರಿನ ತೋಟೆ ಬಿದ್ದರೆ ಅದು ಹಿಂದೆ ನಿಲ್ಲದೆ ಮುಂದಕ್ಕೆ ಜಾರಿ ಸಿಕ್ಕಿಕೊಳ್ಳುತ್ತದೆ. ಹಿಂದಿನ ಮನೆ ಖಾಲಿ ಕಾಣುವುದರಿಂದ ಇನ್ನೊಂದು 12ರ ತೋಟೆಯೂ ಹಿಡಿಸುತ್ತದೆ. ಆಮೇಲೆ ಏನಾಗುತ್ತದೆಂದು ಬಿಡಿಸಿ ಹೇಳಬೇಕಾಗಿಲ್ಲ. ಹೊರದೇಶಗಳಲ್ಲಿ 20ರ ತೋಟೆಗೆ ಹಳದಿ ಬಣ್ಣ ಕೊಡುವ ರೂಢಿ ಬಂದದ್ದೇ ಈ ಕಾರಣಕ್ಕೆ. ನೆಂಟರು ಯಾರೇ ತೋಟೆ ತಂದುಕೊಟ್ಟರೂ ನಾನು ತೆಗೆದುಕೊಳ್ಳುವುದಿಲ್ಲ. ಹಾಗೆ ತೆಗೆದುಕೊಳ್ಳುವುದು ಕಾನೂನಿಗೂ ವಿರುದ್ಧ.

ಮಳೆಗಾಲವೇ ನಮ್ಮ ನಿಜವಾದ ಶತ್ರು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗೋಡೆಯೇ ಬೆವರುವ ಊರಿನಲ್ಲಿ ಕಬ್ಬಿಣವನ್ನೂ ಮದ್ದನ್ನೂ ಕಾಪಾಡುವುದು ಸುಲಭವಲ್ಲ. ಅಪ್ಪಯ್ಯ ಕೋವಿಯನ್ನು ಬಾಗಿಲ ಮೇಲಿನ ಗೂಟಕ್ಕೆ ನೇತುಹಾಕಿ, ತೋಟೆಗಳನ್ನು ಬಚ್ಚಲ ಒಲೆಯ ಮೇಲಿನ ಅಟ್ಟದಲ್ಲಿ ಇಡುತ್ತಿದ್ದರು. ತೇವ ತಟ್ಟದು ಎಂಬುದು ಅವರ ಲೆಕ್ಕ. ಆದರೆ ಸದಾ ಬಿಸಿ ತಾಗುತ್ತಿದ್ದರೆ ಈಗಿನ ಹೊಗೆಯಿಲ್ಲದ ಮದ್ದು ಕೆಡುತ್ತದೆ. ಅದಲ್ಲದೆ ಕೆಳಗೆ ಬೆಂಕಿ, ಮೇಲೆ ಮದ್ದು! ಈಗ ಕೋವಿ ಗೋಡೆಗೆ ಬೋಲ್ಟ್ ಹಾಕಿ ಬಿಗಿದ ಉಕ್ಕಿನ ಕಪಾಟಿನಲ್ಲಿದೆ, ತೋಟೆಗಳು ಇನ್ನೊಂದು ಕೋಣೆಯಲ್ಲಿ ಬೀಗ ಹಾಕಿದ ಡಬ್ಬಿಯಲ್ಲಿವೆ, ಎರಡೂ ಬೀಗದ ಕೈ ನನ್ನ ಬಳಿಯೇ ಇರುತ್ತದೆ. ಡಬ್ಬಿಯಲ್ಲಿ ಸಿಲಿಕಾ ಜೆಲ್‌ನ ಒಂದು ಪೊಟ್ಟಣ ಇಡುತ್ತೇನೆ. ಅದರ ನೀಲಿ ಹರಳುಗಳು ಗುಲಾಬಿಗೆ ತಿರುಗಿದವೆಂದರೆ ತೇವ ತುಂಬಿದೆ ಎಂದರ್ಥ. ಡಬ್ಬಿಯಿಂದ ದೂರ ಒಯ್ದು, ಹಳೆಯ ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಬಿಸಿಮಾಡಿದರೆ ಮತ್ತೆ ನೀಲಿಯಾಗುತ್ತವೆ. ಆ ಬಾಣಲೆಯನ್ನು ಅಡಿಗೆಗೆ ಬಳಸುವಂತಿಲ್ಲ. ಕೋವಿಗೆ ಬಟ್ಟೆಯ ಚೀಲ ಹಾಕಿಟ್ಟರೆ ಚೀಲವೇ ತೇವ ಹಿಡಿದು ತುಕ್ಕು ಬರಿಸುತ್ತದೆ ಎಂಬುದನ್ನು ಒಂದು ಆಷಾಢ ಕಲಿಸಿತು.

ತೋಟೆಗಳ ಪರೀಕ್ಷೆಯನ್ನು ಮಳೆಗಾಲ ಮುಗಿದ ಮೇಲೊಮ್ಮೆ ಕೂತು ಮಾಡುತ್ತೇನೆ. ನಳಿಗೆಯನ್ನು ಮರದಿಂದ ಪೂರ್ತಿ ಬೇರ್ಪಡಿಸಿದ ಮೇಲೆ ಕೇಪಿಗೆ ಬಡಿಯುವ ಸೂಜಿ ಅಲ್ಲಿರುವುದಿಲ್ಲ, ಆದ್ದರಿಂದ ಈ ಕೆಲಸಕ್ಕೆ ಅದೇ ಕ್ಷೇಮದ ದಾರಿ. ಬಿಡಿ ನಳಿಗೆಯ ಹಿಂಬದಿಗೆ ಒಂದೊಂದೇ ತೋಟೆಯನ್ನು ಬಿಟ್ಟರೆ ಅದು ತನ್ನ ಭಾರಕ್ಕೆ ತಾನೇ ಇಳಿಯಬೇಕು, ಬಗ್ಗಿಸಿದರೆ ತಾನೇ ಹೊರಗೆ ಬರಬೇಕು. ಕಾಗದದ ಮೈಯ ತೋಟೆ ಉಬ್ಬಿದ್ದರೆ ಅರ್ಧಕ್ಕೆ ನಿಲ್ಲುತ್ತದೆ. ಪ್ಲಾಸ್ಟಿಕ್ಕಿನದು ಉಬ್ಬುವುದಿಲ್ಲವಾದರೂ ಅದರ ಹಿತ್ತಾಳೆಯ ಬುಡದಲ್ಲಿ ಹಸಿರು ಕಿಲುಬು ಹಿಡಿದಿರುತ್ತದೆ. ಅಂಥದ್ದನ್ನು ಉಜ್ಜಿ ಬಳಸುವ ಆಸೆಗೆ ಬೀಳದೆ ಬೇರೆ ಇಟ್ಟು ವ್ಯಾಪಾರಿಗೆ ಕೊಡುತ್ತೇನೆ.

ಎಣ್ಣೆಯ ವಿಷಯದಲ್ಲಿ ನಾನೇ ಒಂದು ಹುಡುಗಾಟಿಕೆ ಮಾಡಿದ್ದೆ. ಮನೆಯಲ್ಲಿ ತೆಂಗಿನೆಣ್ಣೆ ಬೇಕಾದಷ್ಟಿದೆ ಎಂದು ಅದನ್ನೇ ಕೋವಿಯ ಕೀಲುಗಳಿಗೆ ಹಾಕಿದ್ದೆ. ತೆಂಗಿನೆಣ್ಣೆ ಸುಮಾರು 24 ಡಿಗ್ರಿಗಿಂತ ಕೆಳಗೆ ಗಟ್ಟಿಯಾಗುತ್ತದೆ, ನಮ್ಮ ಪುಷ್ಯಮಾಸದ ಬೆಳಗು ಅದಕ್ಕಿಂತ ಎಷ್ಟೋ ತಂಪು. ಕೋವಿ ಮುರಿಯುವ ಸನ್ನೆ ಬೆಣ್ಣೆಯಲ್ಲಿ ಹೂತಂತೆ ಕುಳಿತುಬಿಟ್ಟಿತ್ತು. ಈಗ ಹೊಲಿಗೆ ಯಂತ್ರದ ಎಣ್ಣೆಯನ್ನು ಬಟ್ಟೆಗೆ ಹಚ್ಚಿ ಗಜದಿಂದ (ನಳಿಗೆ ಒರೆಸುವ ಕೋಲಿನಿಂದ) ನಳಿಗೆಯೊಳಗೆ ಎಳೆಯುತ್ತೇನೆ, ಒರೆಸಿದ ಮೇಲೆ ಬಾಯಿ ಕೆಳಗಾಗಿ ನಿಲ್ಲಿಸುತ್ತೇನೆ. ಹಾಗೆ ಮಾಡದಿದ್ದರೆ ಮಿಕ್ಕ ಎಣ್ಣೆ ಹಿಂದಕ್ಕೆ ಹರಿದು ಮರವನ್ನು ಮೆತ್ತಗಾಗಿಸುತ್ತದೆ. ಅಜ್ಜನ ಕೇಪಿನ ಕೋವಿಗೆ ಮಾತ್ರ ಬಿಸಿನೀರೇ ಔಷಧವಾಗಿತ್ತು. ಕರಿಮದ್ದಿನ ಮಸಿ ಉಪ್ಪಿನ ಗುಣದ್ದು, ಗಾಳಿಯ ತೇವ ಎಳೆದುಕೊಂಡು ಕಬ್ಬಿಣ ತಿನ್ನುತ್ತದೆ, ನೀರಿಗೆ ಕರಗುತ್ತದೆಯೇ ಹೊರತು ಎಣ್ಣೆಗಲ್ಲ.

ಚುನಾವಣೆ ಬಂತೆಂದರೆ ಕೋವಿ ಠಾಣೆ ಸೇರುತ್ತದೆ. 2018, 2019, 2023, 2024, ನಾಲ್ಕು ಸಲವೂ ಒಪ್ಪಿಸಿದೆ. ಒಂದು ಸಲ ಮರಳಿ ಪಡೆದಾಗ ನಳಿಗೆಯ ಹೊರಮೈಯಲ್ಲಿ ತುಕ್ಕಿನ ಚುಕ್ಕೆಗಳಿದ್ದವು. ಹತ್ತಾರು ಕೋವಿಗಳನ್ನು ಒಂದರ ಮೇಲೊಂದು ಒರಗಿಸಿದ್ದ ಕೋಣೆಯನ್ನು ನೋಡಿದ ಮೇಲೆ ಬೇಸರವಾಯಿತು, ಆಶ್ಚರ್ಯವಾಗಲಿಲ್ಲ. ಈಗ ಒಪ್ಪಿಸುವ ಹಿಂದಿನ ದಿನ ಎಣ್ಣೆಯನ್ನು ಧಾರಾಳವಾಗಿ ಬಳಿದು, ಕೋವಿಯ ಸಂಖ್ಯೆ ಇರುವ ರಸೀದಿಯನ್ನು ಕೇಳಿ ಪಡೆದು, ತಂದ ದಿನ ಮೊದಲು ನಳಿಗೆಯನ್ನು ಆಕಾಶಕ್ಕೆ ಹಿಡಿದು ನೋಡುತ್ತೇನೆ. ಎರಡು ತಿಂಗಳು ಮೂಲೆಯಲ್ಲಿದ್ದ ಕೊಳವೆಯೊಳಗೆ ಕಣಜ ಮಣ್ಣಿನ ಗೂಡು ಕಟ್ಟಲು ಎಷ್ಟು ಹೊತ್ತು ಬೇಕು?

ಕಳೆದ ಶ್ರಾವಣದಲ್ಲಿ ಮನೆಯ ಹಿಂದಿನ ಬಾಳೆಗೆ ಮಂಗಗಳ ಹಿಂಡು ಬಂದಿತ್ತು. ನಳಿಗೆ ನೋಡಿ, ತೋಟೆ ಹಾಕಿ, ಧರೆಯ ಕಡೆ ತಿರುಗಿಸಿ ಟ್ರಿಗರ್ ಎಳೆದರೆ 'ಟಿಕ್' ಎಂದಿತು, ಹಾರಲಿಲ್ಲ. ಇಂಥ ತೋಟೆ ತಡವಾಗಿ ಹೊತ್ತಿಕೊಳ್ಳುವುದುಂಟು, ಆದ್ದರಿಂದ ತಕ್ಷಣ ಕೋವಿ ಮುರಿಯಬಾರದು. ಬಾಯಿಯನ್ನು ಧರೆಯಿಂದ ಕದಲಿಸದೆ ಕನಿಷ್ಠ 30 ಸೆಕೆಂಡು ಕಾಯಬೇಕು. ನಾನು ಮನಸ್ಸಿನಲ್ಲೇ ಒಂದರಿಂದ ಅರುವತ್ತರವರೆಗೆ ಎಣಿಸಿ, ಮುಖವನ್ನು ಪಕ್ಕಕ್ಕೆ ಹೊರಳಿಸಿ ಕೋವಿ ಮುರಿದು ತೋಟೆ ಹೊರತೆಗೆದೆ. ಕೇಪಿನ ನಡುವೆ ಸೂಜಿಯ ಗುಂಡಿ ಚೆನ್ನಾಗಿಯೇ ಮೂಡಿತ್ತು. ಅದನ್ನು ಕಾಗದದಲ್ಲಿ ಸುತ್ತಿ ಬೇರೆ ಇಟ್ಟು, ಮರುವಾರ ವ್ಯಾಪಾರಿಗೆ ಕೊಟ್ಟು ಬಂದೆ. ನಾನು ಅರುವತ್ತು ಎಣಿಸಿ ಮುಗಿಸುವುದರೊಳಗೆ ಮಂಗಗಳು ಒಂದು ಗೊನೆಯನ್ನು ಪೂರ್ತಿ ಮುಗಿಸಿದ್ದವು.