ಇ. ಕೋಲಿಯಲ್ಲಿ ಟೊಮ್ಯಾಟೊ ಕೆಂಪು: ನನ್ನ ಅನುಭವ

ಟೊಮ್ಯಾಟೊಗೆ ಕೆಂಪು ಬಣ್ಣ ಕೊಡುವುದು ಲೈಕೋಪೀನ್. ಇ. ಕೋಲಿ ಬ್ಯಾಕ್ಟೀರಿಯಾಗೆ ಅದನ್ನು ತಾನಾಗಿ ಮಾಡಲು ಬರುವುದಿಲ್ಲ. ಆದರೆ ಕಚ್ಚಾ ಸಾಮಾನು ಅದರೊಳಗೆ ಆಗಲೇ ಇದೆ. ಐದು ಇಂಗಾಲದ ಸಣ್ಣ ತುಂಡುಗಳನ್ನು ಅದು ತನ್ನ ಅಗತ್ಯಕ್ಕೆ ಮಾಡಿಕೊಳ್ಳುತ್ತಲೇ ಇರುತ್ತದೆ. ಅಂಥ ಎಂಟು ತುಂಡು ಸೇರಿದರೆ 40 ಇಂಗಾಲದ ಲೈಕೋಪೀನ್. ಪ್ಯಾಂಟೋಯಿಯಾ ಎಂಬ ಇನ್ನೊಂದು ಬ್ಯಾಕ್ಟೀರಿಯಾದಿಂದ ಮೂರು ಜೀನ್ ತಂದು ಹಾಕಿದರೆ ಈ ಜೋಡಣೆ ಪೂರ್ತಿಯಾಗುತ್ತದೆ: ಸಿಆರ್‌ಟಿ-ಇ, ಬಿ ಮತ್ತು ಐ. ನಾನೂ ಅಲ್ಲಿಂದಲೇ ಶುರು ಮಾಡಿದೆ.

ಮಾಮೂಲಿ ಇ. ಕೋಲಿಯನ್ನು ಸೆಂಟ್ರಿಫ್ಯೂಜ್‌ನಲ್ಲಿ ತಿರುಗಿಸಿದರೆ ಟ್ಯೂಬಿನ ತಳದಲ್ಲಿ ಕೆನೆ ಬಣ್ಣದ ಪೆಲೆಟ್, ಅಂದರೆ ಕೋಶಗಳ ಮುದ್ದೆ, ಕೂರುತ್ತದೆ. ಜೀನ್ ಹಾಕಿದ್ದರಲ್ಲಿ ನಸು ಕಿತ್ತಳೆ. ಖುಷಿಯೇನೋ ಆಯ್ತು, ಆದರೆ ನನಗೆ ಬೇಕಿದ್ದದ್ದು ಗಾಢ ಕೆಂಪು.

ಐದು ಇಂಗಾಲದ ತುಂಡು ಮಾಡುವ ದಾರಿಯ ಮೊದಲ ಮೆಟ್ಟಿಲಲ್ಲಿ ಡಿಎಕ್ಸ್ಎಸ್ ಎಂಬ ಕಿಣ್ವ ಇದೆ. ಸಕ್ಕರೆ ಒಡೆದಾಗ ಸಿಗುವ ಪೈರುವೇಟ್ ಮತ್ತು ಮೂರು ಇಂಗಾಲದ ಸಕ್ಕರೆ ಫಾಸ್ಫೇಟ್, ಇವೆರಡನ್ನು ಅದು ಕೂಡಿಸುತ್ತದೆ. ಈ ಕಿಣ್ವ ಜಾಸ್ತಿ ಇದ್ದಷ್ಟೂ ಲೈಕೋಪೀನ್ ಜಾಸ್ತಿ ಅಂತ ಯಾರಿಗಾದರೂ ಅನ್ನಿಸುತ್ತದೆ, ಅಲ್ವಾ? ಅದನ್ನು ನೋಡಲೆಂದೇ ಆ ಕಿಣ್ವದ ಜೀನನ್ನು ಎರಡು ಥರದ ಪ್ಲಾಸ್ಮಿಡ್‌ನಲ್ಲಿ (ಕೋಶದೊಳಗಿನ ಸಣ್ಣ ಡಿಎನ್‌ಎ ಉಂಗುರ) ಹಾಕಿದೆ. ಒಂದು, ಕೋಶದಲ್ಲಿ ಕೆಲವೇ ಪ್ರತಿ ಇರುವಂಥದ್ದು. ಇನ್ನೊಂದರದ್ದು ನೂರಾರು ಪ್ರತಿ. ಪ್ರತಿ ಕಡಿಮೆ ಇದ್ದದ್ದೇ ಚೆನ್ನಾಗಿ ಬೆಳೆಯಿತು, ಬಣ್ಣವೂ ಅದರದ್ದೇ ಹೆಚ್ಚು. ವಿಜ್ಞಾನಿ ಜೇ ಕೀಸ್ಲಿಂಗ್ ಅವರ ತಂಡ 2000ದಲ್ಲೇ ಇದನ್ನು ತೋರಿಸಿತ್ತು. ಕೋಶಕ್ಕೆ ಪೈರುವೇಟ್ ಬೆಳೆಯಲಿಕ್ಕೂ ಬೇಕು. ನಾವು ಒತ್ತಾಯದಿಂದ ಕಿಣ್ವ ಮಾಡಿಸಿದರೆ ಅಮೈನೋ ಆಮ್ಲ, ಶಕ್ತಿ ಎಲ್ಲ ಅಲ್ಲೇ ಖರ್ಚಾಗಿ ಕೋಶ ಸೊರಗುತ್ತದೆ.

ಆಹಾರದ ಆಯ್ಕೆಯೂ ಮುಖ್ಯ. ಜೇಮ್ಸ್ ಲಿಯಾವೊ ಅವರ ಪ್ರಯೋಗಾಲಯ 2001ರಲ್ಲಿ ಹೇಳಿದ್ದು, ಕೊರತೆ ಬೀಳುವುದು ಪೈರುವೇಟ್‌ಗಲ್ಲ, ಆ ಸಕ್ಕರೆ ಫಾಸ್ಫೇಟ್‌ಗೆ ಅಂತ. ಗ್ಲಿಸರಾಲ್ ಕೊಟ್ಟರೆ ಅದು ಸಕ್ಕರೆ ಫಾಸ್ಫೇಟ್‌ನ ಹತ್ತಿರವೇ ದಾರಿಗೆ ಸೇರುತ್ತದೆ. ಹಾಗಾಗಿ ನಾನು ಗ್ಲೂಕೋಸ್ ಬಿಟ್ಟು ಗ್ಲಿಸರಾಲ್ ಹಿಡಿದೆ.

ಇಷ್ಟಾದರೂ ಕೆಲವು ಫ್ಲಾಸ್ಕ್‌ಗಳಲ್ಲಿ ಪೆಲೆಟ್ ಬಿಳಿಚಿಕೊಂಡೇ ಇತ್ತು. ನನ್ನ ಕೆಲಸದಲ್ಲಿ ನನಗೆ ತುಂಬ ಇಷ್ಟವಾದ ಭಾಗ ಶುರುವಾಗುವುದು ಇಲ್ಲಿಂದ. ಲೈಕೋಪೀನ್ ಅಳೆಯಲು ಪೆಲೆಟ್‌ಗೆ ಅಸಿಟೋನ್ ಹಾಕಿ, ಕತ್ತಲೆಯಲ್ಲಿ 55 ಡಿಗ್ರಿಯಲ್ಲಿಟ್ಟು, ಮೇಲಿನ ದ್ರವ 474 ನ್ಯಾನೋಮೀಟರ್ ತರಂಗಾಂತರದ ಬೆಳಕನ್ನು ಎಷ್ಟು ಹೀರುತ್ತದೆ ಅಂತ ಓದುತ್ತೇವೆ. ಆ ಓದು ಕೊನೆಯ ಮೆಟ್ಟಿಲನ್ನು ಮಾತ್ರ ಹೇಳುತ್ತದೆ. ಅದರ ಹಿಂದಿನ ಮೆಟ್ಟಿಲಲ್ಲಿ ಸಿಗುವ ಫೈಟೋಯೀನ್‌ಗೆ ಬಣ್ಣವೇ ಇಲ್ಲ. ಸಿಆರ್‌ಟಿ-ಐ ಕಿಣ್ವ ಅದರಿಂದ ಹೈಡ್ರೋಜನ್ ತೆಗೆಯುತ್ತ ನಾಲ್ಕು ಹೊಸ ಜೋಡಿ ಬಂಧ ಮಾಡಬೇಕು. ಆಮೇಲೇ ಕೆಂಪು. ಫೈಟೋಯೀನ್ ಹಿಡಿಯಲು ಅತಿನೇರಳೆಗೆ, 286 ನ್ಯಾನೋಮೀಟರ್‌ಗೆ ಹೋಗಬೇಕು. ಬಿಳಿಚಿದ ಪೆಲೆಟ್‌ನ ಸಾರವನ್ನು ಎಚ್‌ಪಿಎಲ್‌ಸಿಗೆ (ಮಿಶ್ರಣದ ವಸ್ತುಗಳನ್ನು ಬೇರ್ಪಡಿಸಿ ಅಳೆಯುವ ಯಂತ್ರ) ಹಾಕಿದಾಗ 286ರ ಗ್ರಾಫಿನಲ್ಲಿ ದೊಡ್ಡ ಶಿಖರ ಎದ್ದಿತು. ಸಾಮಾನು ಕೊನೇ ಮೆಟ್ಟಿಲವರೆಗೂ ಬಂದು ನಿಂತಿದೆ ಅಂತ ಆಗ ಖಚಿತವಾಯಿತು. ಡಿಎಕ್ಸ್ಎಸ್ ಎಷ್ಟು ಹೆಚ್ಚಿಸಿದರೂ ಅಲ್ಲಿ ಪ್ರಯೋಜನವಿರಲಿಲ್ಲ.

ಸಿಆರ್‌ಟಿ-ಐ ಕೋಶದ ಪೊರೆಗೆ ಅಂಟಿಕೊಂಡು ಕೆಲಸ ಮಾಡುತ್ತದೆ. ತೆಗೆದ ಎಲೆಕ್ಟ್ರಾನ್‌ಗಳನ್ನು ಎಫ್‌ಎಡಿ ಎಂಬ ಸಹಾಯಕ ಅಣುವಿನ ಮೂಲಕ ಕೊನೆಗೆ ಆಮ್ಲಜನಕಕ್ಕೆ ದಾಟಿಸುತ್ತದೆ. ಹಾಗಾದರೆ ಗಾಳಿ ಮುಖ್ಯ. ಫ್ಲಾಸ್ಕಿನ ಐದರಲ್ಲೊಂದು ಭಾಗ ಮಾತ್ರ ತುಂಬಿಸಿದೆ, ಶೇಕರ್ ವೇಗ ಏರಿಸಿದೆ, ತಾಪಮಾನ 37ರಿಂದ 30 ಡಿಗ್ರಿಗೆ ಇಳಿಸಿದೆ. ತಂಪಿನಲ್ಲಿ ಪ್ರೋಟೀನ್ ನಿಧಾನವಾಗಿ, ಸರಿಯಾಗಿ ಮಡಚಿಕೊಳ್ಳುತ್ತದೆ. ಫೈಟೋಯೀನ್ ಶಿಖರ ತಗ್ಗಿತು, ಪೆಲೆಟ್ ಕೆಂಪಾಯಿತು.

ಈಗ ಸಿಆರ್‌ಟಿ-ಐ ಕಿಣ್ವದ ಮೇಲೇ ಕೈಹಾಕಿದ್ದೇನೆ. 2018ರಲ್ಲಿ ನೊಬೆಲ್ ಪಡೆದ ಫ್ರಾನ್ಸಿಸ್ ಅರ್ನಾಲ್ಡ್ ತೋರಿಸಿದ ದಾರಿ ಇದು: ಜೀನ್‌ನಲ್ಲಿ ಅಲ್ಲಲ್ಲಿ ಬದಲಾವಣೆ ಬರಿಸಿ, ಚೆನ್ನಾಗಿರುವುದನ್ನು ಆರಿಸಿ, ಮತ್ತೆ ಬದಲಿಸುವುದು. ನಮ್ಮಂಥವರಿಗೆ ಬಣ್ಣ ದೊಡ್ಡ ಅನುಕೂಲ. ಪ್ಲೇಟ್ ಮೇಲಿನ ಕಾಲೊನಿಗಳನ್ನು (ಒಂದೊಂದು ಕೋಶದಿಂದ ಬೆಳೆದ ಚುಕ್ಕೆಗಳು) ತೆಳು ಬಿಳಿ ಹಾಳೆಗೆ ಒತ್ತಿಕೊಂಡರೆ ಯಾವುದು ಹೆಚ್ಚು ಕೆಂಪು ಅಂತ ಬರಿಗಣ್ಣಿಗೇ ಕಾಣುತ್ತದೆ. ಆದರೆ ಆರಿಸಿದ ಪ್ರತಿ ಕಾಲೊನಿಯನ್ನೂ ಮತ್ತೆ ಬೆಳೆಸಿ, ಒಣ ಕೋಶದ ತೂಕಕ್ಕೆ ಎಷ್ಟು ಲೈಕೋಪೀನ್ ಅಂತ ಲೆಕ್ಕ ಹಾಕುತ್ತೇನೆ. ಕಾಲೊನಿ ದಪ್ಪ ಇದ್ದರೂ ಕಣ್ಣಿಗೆ ಗಾಢವಾಗಿ ಕಾಣುತ್ತದೆ. ಜೊತೆಗೆ 286ರ ಓದನ್ನೂ ಈಗ ಯಾವ ಮಾದರಿಗೂ ಬಿಡುವುದಿಲ್ಲ.