ಚಿಪ್ಪರ್ ಬ್ಲೇಡಿಗೆ ನಾನೇ ಸಾಣೆ ಹಿಡಿದೆ

ಕೊಂಬೆಗಳನ್ನು ಚಕ್ಕೆ ಮಾಡುವ ನಮ್ಮ ಚಿಪ್ಪರ್ ಮೆಷಿನ್‌ಗೆ ಕೊಂಬೆ ಹಾಕಿದರೆ ಚಕ್ಕೆ ಬರುವ ಬದಲು ನಾರು ನಾರಾಗಿ ಬರುತ್ತಿತ್ತು. ಕೊಂಬೆಯನ್ನು ಕೈಯಿಂದ ತಳ್ಳಬೇಕಿತ್ತು, ಇಂಜಿನ್ ಸುಮ್ನೆ ಏದುಸಿರು ಬಿಡುತ್ತಿತ್ತು. ಬ್ಲೇಡ್ ಮೊಂಡಾದಾಗ ಹೀಗೇ ಆಗುವುದು.

ಮೊದಲು ಸ್ಪಾರ್ಕ್ ಪ್ಲಗ್ಗಿನ ವೈರ್ ಕಿತ್ತಿಟ್ಟೆ. ಇದನ್ನು ದಯವಿಟ್ಟು ಬಿಡಬೇಡಿ, ಬ್ಲೇಡ್ ಕೂರಿಸಿರುವ ತಿರುಗುವ ಡಿಸ್ಕನ್ನು ಕೈಯಲ್ಲಿ ತಿರುಗಿಸಿದರೂ ಇಂಜಿನ್ ಸ್ಟಾರ್ಟ್ ಆಗಿಬಿಡಬಹುದು. ಡಿಸ್ಕ್ ಅಲುಗದಂತೆ ಮರದ ತುಂಡು ಸಿಕ್ಕಿಸಿ, ದಪ್ಪ ಗ್ಲೌಸ್ ಹಾಕಿ ಬ್ಲೇಡಿನ ಬೋಲ್ಟ್ ಬಿಚ್ಚಿದೆ.

ಬ್ಲೇಡಿನ ಒಂದು ಕಡೆ ಮಾತ್ರ ಇಳಿಜಾರು, ಇನ್ನೊಂದು ಕಡೆ ಚಪ್ಪಟೆ. ಉಜ್ಜಬೇಕಾದ್ದು ಇಳಿಜಾರನ್ನು, ಅದೂ ಮೊದಲಿದ್ದ ಕೋನದಲ್ಲೇ. ಕೋನ ತಪ್ಪದಿರಲಿ ಅಂತ ಇಳಿಜಾರಿಗೆ ಮಾರ್ಕರ್ ಬಳಿದುಕೊಂಡೆ. ಬಣ್ಣ ಮೇಲಿಂದ ಕೆಳಗಿನವರೆಗೆ ಒಂದೇ ಸಮ ಹೋಗುತ್ತಿದ್ದರೆ ಕೈ ಸರಿಯಾಗಿದೆ ಎಂದರ್ಥ. ಗ್ರೈಂಡರನ್ನು ಒತ್ತದೆ, ಹಗುರವಾಗಿ ಎಳೆಯುತ್ತಾ, ನಡುನಡುವೆ ಬ್ಲೇಡನ್ನು ನೀರಿನಲ್ಲಿ ಅದ್ದಿ ತಣಿಸುತ್ತಾ ಹೋಗಬೇಕು, ಯಾಕೆಂದರೆ ಅಂಚು ನೀಲಿ ಬಣ್ಣಕ್ಕೆ ತಿರುಗಿತೆಂದರೆ ಉಕ್ಕಿನ ಹದ ಹೋಯಿತು, ಆಮೇಲೆ ಹರಿತ ನಿಲ್ಲುವುದೇ ಇಲ್ಲ. ಕೊನೆಗೆ ಚಪ್ಪಟೆ ಬದಿಯಲ್ಲಿ ಏಳುವ ಸಣ್ಣ ಮುಳ್ಳಂಚನ್ನು, ಬ್ಲೇಡನ್ನು ಸಾಣೆಕಲ್ಲಿನ ಮೇಲೆ ಮಲಗಿಸಿ ಉಜ್ಜಿ ತೆಗೆದೆ.

ಎರಡೂ ಬ್ಲೇಡ್ ಒಂದೇ ಸಮ ಸವೆಸಬೇಕು. ತೂಕದಲ್ಲಿ ವ್ಯತ್ಯಾಸ ಜಾಸ್ತಿಯಾದರೆ ಡಿಸ್ಕ್ ಅದುರಿ ಬೇರಿಂಗ್ ಹಾಳು. ಅದಕ್ಕೇ ತೂಗಿ ನೋಡಿದೆ.

ತಿರುಗಿ ಕೂರಿಸುವಾಗ ಬ್ಲೇಡಿಗೂ ಬೆಡ್ ನೈಫಿಗೂ (ಅಲುಗದೆ ಕೂತಿರುವ ಎದುರು ಬ್ಲೇಡ್) ನಡುವಿನ ಗ್ಯಾಪ್ ನೋಡಲೇಬೇಕು. ಬ್ಲೇಡ್ ಸವೆದಷ್ಟೂ ಅದು ಅಗಲವಾಗುತ್ತದೆ, ಅಲ್ವಾ? ಮ್ಯಾನ್ಯುಯಲ್‌ನಲ್ಲಿ ಹೇಳಿದಷ್ಟಕ್ಕೆ ಫೀಲರ್ ಗೇಜ್ (ಸಂದು ಅಳೆಯುವ ತೆಳು ಲೋಹದ ಪಟ್ಟಿ) ಇಟ್ಟು ಹೊಂದಿಸಿ, ಬೋಲ್ಟ್‌ಗಳನ್ನು ಎಷ್ಟು ಬಿಗಿಯಾಯಿತೆಂದು ತೋರಿಸುವ ಟಾರ್ಕ್ ರೆಂಚಿನಲ್ಲಿ ಬಿಗಿದೆ. ಮರದ ತುಂಡು ತೆಗೆದು, ಡಿಸ್ಕನ್ನು ಕೋಲಿನಿಂದ ಒಂದು ಸುತ್ತು ತಿರುಗಿಸಿ ಎಲ್ಲೂ ತಾಗುತ್ತಿಲ್ಲ ಅಂತ ಖಾತ್ರಿ ಮಾಡಿಕೊಂಡ ಮೇಲೇ ಪ್ಲಗ್ಗಿನ ವೈರ್ ಹಾಕಿದ್ದು. ಈಗ ಕೊಂಬೆಯನ್ನು ಮೆಷಿನ್ ತಾನೇ ಎಳೆದುಕೊಳ್ಳುತ್ತಿದೆ, ಚಕ್ಕೆಗಳ ಅಂಚು ನೀಟಾಗಿದೆ.