ಲೇಸರ್ ಸಿಟ್ಟಿಂಗ್‌ಗೆ ಹೊರಟಿದ್ದೀರಾ? ಬಸ್ಸಿನಲ್ಲಿ ಕ್ರೀಮ್ ಹಚ್ಚಬೇಡಿ

ಕಳೆದ ಮಳೆಗಾಲದಲ್ಲಿ ಅಕ್ಕನ ಮಗಳ ಜೊತೆ ವಿರಾಜಪೇಟೆಯಿಂದ ಮೈಸೂರಿಗೆ ಬಸ್ಸು ಹತ್ತಿದ್ದೆ. ಕಂಕುಳು ಮತ್ತು ಕಾಲಿನ ಕೂದಲು ತೆಗೆಸಲು ಅವಳಿಗೆ ಅದು ಮೊದಲ ಲೇಸರ್ ಸಿಟ್ಟಿಂಗ್. ಗೋಣಿಕೊಪ್ಪ ದಾಟುವಷ್ಟರಲ್ಲಿ ಮೂರು ಸಲ ಕೇಳಿದಳು, "ಚಿಕ್ಕಮ್ಮಾ, ತುಂಬಾ ನೋಯುತ್ತಾ?" ತಿತಿಮತಿ ಬಂದಾಗ ಕೇಳುವುದನ್ನು ಬಿಟ್ಟು ಬ್ಯಾಗಿಗೆ ಕೈ ಹಾಕಿದಳು. ಮರಗಟ್ಟಿಸುವ ಕ್ರೀಮಿನ ಎರಡು ಟ್ಯೂಬು, ಜೊತೆಗೆ ಅಡುಗೆಮನೆಯಲ್ಲಿ ಪಾತ್ರೆ ಮುಚ್ಚುವ ತೆಳು ಪ್ಲಾಸ್ಟಿಕ್ಕಿನ ಸುರುಳಿ. ಹುಣಸೂರಿನಲ್ಲಿ ಬಸ್ಸು ನಿಂತಾಗ ಎರಡೂ ಕಾಲಿಗೆ ಹಚ್ಚಿ ಸುತ್ತಿಕೊಳ್ಳುವುದು ಅವಳ ಪ್ಲ್ಯಾನ್.

ಎರಡೂ ಟ್ಯೂಬನ್ನು ಕಿತ್ತುಕೊಂಡು ನನ್ನ ಬ್ಯಾಗಿಗೆ ಹಾಕಿಕೊಂಡೆ. ಯಾಕೆ ಅಂತ ಮುಂದೆ ಹೇಳುತ್ತೇನೆ. ನಾನೂ ಆರು ಸಿಟ್ಟಿಂಗ್ ಮುಗಿಸಿದವಳು. ಒಂದು ಸಲ ನಿಜವಾಗಿಯೂ ಕೈ ಸುಟ್ಟುಕೊಂಡವಳು.

ಈ ನೋವು ಎಂಥದ್ದು?

ಲೇಸರ್ ಬೆಳಕು ಕೂದಲಿನ ಕಪ್ಪನ್ನು ಹುಡುಕಿಕೊಂಡು ಹೋಗುತ್ತದೆ. ಆ ಕಪ್ಪಿನ ಹೆಸರು ಮೆಲನಿನ್. ಅಲ್ಲಿ ಬೆಳಕು ಶಾಖವಾಗಿ ಕೂದಲಿನ ಬುಡವನ್ನು ಸುಡುತ್ತದೆ. ಬುಡದ ಸುತ್ತ ನರದ ಎಳೆಗಳಿವೆ. ಚುರುಕ್ ಅನ್ನುವುದು ಅಲ್ಲಿ. ಬೇಕಾದ ಬಣ್ಣಕ್ಕೆ ಮಾತ್ರ ಶಾಖ ತಗುಲಿ, ಪಕ್ಕದ ಜಾಗ ಉಳಿಯುವ ಹಾಗೆ ಬೆಳಕನ್ನು ಅಳೆದು ಬಿಡುವ ಲೆಕ್ಕವನ್ನು ಅಮೆರಿಕದ ಸಂಶೋಧಕರಾದ ಆಂಡರ್ಸನ್ ಮತ್ತು ಪ್ಯಾರಿಶ್ 1983ರಲ್ಲಿ ಬರೆದು ತೋರಿಸಿದರು. ನಮ್ಮ ಕಷ್ಟ ಏನೆಂದರೆ, ನಮ್ಮ ಗೋಧಿ ಬಣ್ಣದ, ಕಪ್ಪು ಬಣ್ಣದ ಚರ್ಮದಲ್ಲೂ ಅದೇ ಮೆಲನಿನ್ ಧಾರಾಳವಾಗಿದೆ. ಸ್ವಲ್ಪ ಶಾಖ ಚರ್ಮವೂ ಕುಡಿಯುತ್ತದೆ.

ರಬ್ಬರ್ ಬ್ಯಾಂಡ್ ಎಳೆದು ಬಿಟ್ಟ ಹಾಗಿರುತ್ತದೆ ಅಂತ ಕ್ಲಿನಿಕ್‌ನವರು ಹೇಳುತ್ತಾರೆ. ನಮ್ಮ ಕಡೆಯವರಿಗೆ ಇನ್ನೂ ಚೆನ್ನಾಗಿ ಗೊತ್ತಿರುವ ಹೋಲಿಕೆ ಇದೆ. ಕಾಫಿ ಕೊಯ್ಯುವಾಗ ಕೆಂಜಿಗ ಕಚ್ಚುತ್ತದಲ್ಲ, ಹಾಗೆ. ಚುರುಕ್ ಅನ್ನುತ್ತದೆ, ಒಂದು ಕ್ಷಣ ಉರಿಯುತ್ತದೆ, ಹೋಗುತ್ತದೆ. ಅಷ್ಟರಲ್ಲಿ ಇನ್ನೊಂದು.

ಮೇಲ್ದುಟಿ, ಕಂಕುಳು, ಬಿಕಿನಿ ಭಾಗದಲ್ಲಿ ನೋವು ಜಾಸ್ತಿ. ಕಾಲಿನಲ್ಲಿ ಮೂಳೆ ಚರ್ಮಕ್ಕೆ ಹತ್ತಿರ ಇರುವ ಮುಂಭಾಗದಲ್ಲಿ ಜಾಸ್ತಿ, ತೊಡೆಯಲ್ಲಿ ಕಡಿಮೆ. ಗಡ್ಡದ ಕೆಳಗೆ ಕುತ್ತಿಗೆಯಲ್ಲಿ ಗುಳ್ಳೆ ಏಳುತ್ತದೆ ಅಂತ ಬರುವ ಗಂಡಸರೂ ಈಗ ಇದ್ದಾರೆ. ಅವರ ಕೂದಲು ದಪ್ಪ, ಹಾಗಾಗಿ ಅವರಿಗೂ ಚೆನ್ನಾಗಿಯೇ ನೋಯುತ್ತದೆ. ಒಂದು ಸಮಾಧಾನ ಇದೆ. ಮೊದಲ ಸಿಟ್ಟಿಂಗ್‌ನಲ್ಲಿ ಕೂದಲು ದಟ್ಟವಾಗಿರುವುದರಿಂದ ನೋವು ಹೆಚ್ಚು. ಕೂದಲು ತೆಳುವಾದ ಹಾಗೆ ಅದೂ ಇಳಿಯುತ್ತದೆ.

ಮೊದಲು ಕ್ಯಾಲೆಂಡರ್ ನೋಡಿ

ಬಿಸಿಲಿಗೆ ಕಪ್ಪಾದ ಚರ್ಮದ ಮೇಲೆ ಲೇಸರ್ ಬಿದ್ದರೆ ನೋವೂ ಜಾಸ್ತಿ, ಸುಡುವ ಅಪಾಯವೂ ಜಾಸ್ತಿ. ಸಿಟ್ಟಿಂಗ್‌ಗೆ ಮೊದಲು ಎರಡರಿಂದ ನಾಲ್ಕು ವಾರ ಆ ಭಾಗಕ್ಕೆ ಬಿಸಿಲು ತಾಗಬಾರದು. ಕೊಡಗಿನವರಿಗೆ ಇಲ್ಲಿ ಒಂದು ಅನುಕೂಲ ಇದೆ. ಜೂನ್‌ನಿಂದ ಸೆಪ್ಟೆಂಬರ್ ತನಕ ನಮ್ಮಲ್ಲಿ ಸೂರ್ಯ ಎಲ್ಲಿ ಕಾಣುತ್ತಾನೆ? ಜೂನ್‌ನಲ್ಲಿ ಶುರು ಮಾಡಿ, ಆರು ವಾರಕ್ಕೊಂದರಂತೆ ಆರು ಸಿಟ್ಟಿಂಗ್ ಹಾಕಿದರೆ ಜನವರಿಗೆ ಮುಗಿಯುತ್ತದೆ. ಏಪ್ರಿಲ್, ಮೇ ತಿಂಗಳ ಮದುವೆಗಳಿಗೆ ಹೊತ್ತಿಗೆ ಸರಿಯಾಗುತ್ತದೆ. ಕೆಲವರಿಗೆ ಎಂಟು ಬೇಕಾಗಬಹುದು. ಬೆಳೆಯುತ್ತಿರುವ ಹಂತದ ಕೂದಲಿನ ಮೇಲೆ ಮಾತ್ರ ಲೇಸರ್ ಸರಿಯಾಗಿ ಕೆಲಸ ಮಾಡುತ್ತದೆ, ಎಲ್ಲ ಕೂದಲೂ ಒಟ್ಟಿಗೆ ಆ ಹಂತಕ್ಕೆ ಬರುವುದಿಲ್ಲ. ಅದಕ್ಕೇ ಇಷ್ಟೊಂದು ಓಡಾಟ.

ಜೋರು ಮಳೆಯ ವಾರದಲ್ಲಿ ಮಾತ್ರ ಹಟ ಹಿಡಿದು ಹೊರಡಬೇಡಿ. 2018ರ ಆಗಸ್ಟ್‌ನಲ್ಲಿ ಗುಡ್ಡ ಕುಸಿದು ರಸ್ತೆಗಳು ಹೋದದ್ದನ್ನು ಕಂಡವರು ನಾವು. ಸಿಟ್ಟಿಂಗ್ ಒಂದೆರಡು ವಾರ ಮುಂದೆ ಹೋದರೆ ಏನೂ ಹಾಳಾಗುವುದಿಲ್ಲ.

ನನ್ನ ಕೈ ಸುಟ್ಟ ಕತೆ ಇಲ್ಲಿಗೇ ಸೇರಿದ್ದು. ಕಾಫಿ ಕೊಯ್ಲಿನ ಸಮಯ, ಜನವರಿ. ಎರಡು ವಾರ ಕಣದಲ್ಲಿ ನಿಂತು ಕಾಫಿ ಒಣಹಾಕಿಸಿದ್ದೆ. ಮೊಣಕೈ ಕೆಳಗೆಲ್ಲ ಕಪ್ಪಾಗಿತ್ತು. ಹಾಗೇ ಹೋಗಿ ಲೇಸರ್ ಮೇಜಿನ ಮೇಲೆ ಮಲಗಿದೆ. ಕ್ಲಿನಿಕ್‌ನವರು ಕೇಳಲಿಲ್ಲ, ನಾನೂ ಹೇಳಲಿಲ್ಲ. ಹಿಂದಿನ ಸಲದ ಶಕ್ತಿಯನ್ನೇ ಇಟ್ಟರು. ಉರಿ ಆ ರಾತ್ರಿಯೂ ಇಳಿಯಲಿಲ್ಲ. ಬೆಳಿಗ್ಗೆ ನೋಡಿದರೆ ಕೈ ಮೇಲೆ ಪಟ್ಟೆ ಪಟ್ಟೆ ಕಲೆ. ಮಾಸಲು ನಾಲ್ಕು ತಿಂಗಳು ಬೇಕಾಯಿತು. ಮೇಜಿನ ಮೇಲೆ ಸಹಿಸಿಕೊಂಡದ್ದಕ್ಕೆ "ನಿಮಗೆ ತಾಳ್ಮೆ ಜಾಸ್ತಿ ಮೇಡಂ" ಅಂತ ಹೊಗಳಿಸಿಕೊಂಡಿದ್ದೆ ಬೇರೆ!

ಮಷಿನ್ ಯಾವುದು ಅಂತ ಕೇಳಿ

ಕೇಳಲು ಸಂಕೋಚ ಬೇಡ. ಹೆಚ್ಚಾಗಿ ಬಳಕೆಯಲ್ಲಿರುವುದು ಮೂರು. ಹೆಸರಿನ ಜೊತೆ ಹೇಳುವ ಅಂಕಿ ಬೆಳಕಿನ ಅಲೆಯ ಉದ್ದ. 755 ನ್ಯಾನೊಮೀಟರ್‌ನ ಅಲೆಕ್ಸಾಂಡ್ರೈಟ್ ಬಿಳಿ ಚರ್ಮಕ್ಕೆ ಚೆನ್ನಾಗಿ ಹೊಂದುತ್ತದೆ. 810ರ ಆಸುಪಾಸಿನ ಡಯೋಡ್ ನಮ್ಮಲ್ಲಿ ತುಂಬಾ ಕಡೆ ಇದೆ. 1064ರ ಎನ್‌ಡಿ ಯಾಗ್ ಬೆಳಕನ್ನು ಮೆಲನಿನ್ ಕಡಿಮೆ ಹೀರುತ್ತದೆ, ಬೆಳಕು ಆಳಕ್ಕೆ ಇಳಿಯುತ್ತದೆ. ಹಾಗಾಗಿ ಕಪ್ಪು ಚರ್ಮಕ್ಕೆ ಇದರಲ್ಲಿ ಅಪಾಯ ಕಡಿಮೆ, ಆದರೆ ನೋವು ಉಳಿದವಕ್ಕಿಂತ ಜಾಸ್ತಿ. "ನಮ್ಮಲ್ಲಿ ನೋವೇ ಇಲ್ಲ" ಅನ್ನುವ ಬೋರ್ಡು ನೋಡಿ ಕ್ಲಿನಿಕ್ ಆರಿಸುವವರು ಇದನ್ನು ನೆನಪಿಟ್ಟುಕೊಳ್ಳಿ. ಐಪಿಎಲ್ ಅನ್ನುವುದು ಲೇಸರ್ ಅಲ್ಲ, ಹಲವು ಬಣ್ಣ ಬೆರೆತ ಬೆಳಕು. ಕಪ್ಪು ಚರ್ಮಕ್ಕೆ ಅದರಲ್ಲಿ ಹೆಚ್ಚು ಹುಷಾರಾಗಿರಬೇಕು.

ಇನ್ನೂ ಮುಖ್ಯವಾದ ಪ್ರಶ್ನೆ, ತಂಪು ಹೇಗೆ ಮಾಡುತ್ತೀರಿ ಅನ್ನುವುದು. ಕೆಲವು ಮಷಿನ್‌ಗಳ ತುದಿಯೇ ತಣ್ಣಗಿರುತ್ತದೆ. ಕೆಲವು ಪ್ರತಿ ಶಾಟ್‌ಗೆ ಮೊದಲು ತಂಪು ದ್ರವ ಚಿಮ್ಮಿಸುತ್ತವೆ. ಕೆಲವು ಕಡೆ ಕೊಳವೆಯಿಂದ ತಣ್ಣನೆ ಗಾಳಿ ಬಿಡುತ್ತಾರೆ. ನೋವು ತಗ್ಗಿಸುವುದರಲ್ಲೂ ಚರ್ಮ ಕಾಪಾಡುವುದರಲ್ಲೂ ಈ ತಂಪಿನ ಪಾಲು ದೊಡ್ಡದು. ಸುಮ್ನೆ ಜೆಲ್ ಸವರಿ ಶುರು ಮಾಡುತ್ತೇವೆ ಅನ್ನುವವರಿದ್ದರೆ ಬೇರೆ ಕಡೆ ಹೋಗಿ.

ಮೊದಲು ಚರ್ಮರೋಗ ವೈದ್ಯರೇ ನೋಡಲಿ. ಒಂದು ಮೂಲೆಯಲ್ಲಿ ಎರಡು ಮೂರು ಟೆಸ್ಟ್ ಶಾಟ್ ಹೊಡೆದು ಕೆಲವು ದಿನ ಕಾಯುವುದು ಒಳ್ಳೆಯದು. ಗದ್ದದಲ್ಲಿ ದಪ್ಪ ಕೂದಲು, ಮುಟ್ಟು ಹಿಂದೆ ಮುಂದೆ ಆಗುವ ಹುಡುಗಿಯರು ಮೊದಲು ಹಾರ್ಮೋನ್ ಪರೀಕ್ಷೆ ಮಾಡಿಸಿ. ಪಿಸಿಒಎಸ್, ಅಂದರೆ ಅಂಡಾಶಯಕ್ಕೆ ಸಂಬಂಧಿಸಿದ ಹಾರ್ಮೋನ್ ಏರುಪೇರು, ಇದ್ದರೆ ಅದಕ್ಕೂ ಮದ್ದು ಬೇಕು.

ಹಿಂದಿನ ದಿನ

ರೇಜರ್‌ನಿಂದ ನೀಟಾಗಿ ಶೇವ್ ಮಾಡಿ. ಹೊರಗೆ ಉದ್ದ ಕೂದಲು ಉಳಿದರೆ ಶಾಖ ಅಲ್ಲೇ ಹಿಡಿದು ಚರ್ಮ ಸುಡುತ್ತದೆ. ನೋವು ಕಡಿಮೆ ಮಾಡಲು ಮನೆಯಲ್ಲಿ ಮಾಡಬಹುದಾದ ಕೆಲಸಗಳಲ್ಲಿ ಇದಕ್ಕಿಂತ ಒಳ್ಳೆಯದಿಲ್ಲ. ವ್ಯಾಕ್ಸಿಂಗ್, ಥ್ರೆಡ್ಡಿಂಗ್ ಮಾತ್ರ ನಾಲ್ಕರಿಂದ ಆರು ವಾರ ಮೊದಲೇ ನಿಲ್ಲಿಸಿ. ಬುಡವೇ ಕಿತ್ತು ಬಂದರೆ ಲೇಸರ್‌ಗೆ ಹಿಡಿಯಲು ಏನಿರುತ್ತದೆ?

ಚರ್ಮವನ್ನು ಬೆಳಕಿಗೆ ಸೂಕ್ಷ್ಮ ಮಾಡುವ ಡಾಕ್ಸಿಸೈಕ್ಲಿನ್‌ನಂಥ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ, ಮೊಡವೆಗೆ ಐಸೊಟ್ರೆಟಿನಾಯಿನ್ ನುಂಗುತ್ತಿದ್ದರೆ, ಬಸುರಿಯಾಗಿದ್ದರೆ ಹೇಳಲೇಬೇಕು. ಮುಟ್ಟಿನ ದಿನಗಳಲ್ಲಿ ಮತ್ತು ಅದಕ್ಕೆ ತುಸು ಮೊದಲು ಕೆಲವರಿಗೆ ನೋವು ಹೆಚ್ಚು ಅನಿಸುತ್ತದೆ. ಸಾಧ್ಯವಾದರೆ ತಾರೀಖು ಬದಲಿಸಿಕೊಳ್ಳಿ. ಒಂದು ಗಂಟೆ ಮೊದಲು ಪ್ಯಾರಾಸಿಟಮಾಲ್ ನುಂಗಬಹುದಾ ಅಂತ ನಿಮ್ಮ ವೈದ್ಯರನ್ನೇ ಕೇಳಿ. ಖಾಲಿ ಹೊಟ್ಟೆಯಲ್ಲಿ ಹೋಗಬೇಡಿ. ಕಾಫಿ ಕುಡಿಯಬೇಡಿ ಅಂತಲೂ ಕೆಲವು ಕ್ಲಿನಿಕ್‌ಗಳು ಹೇಳುತ್ತವೆ. ಕೊಡಗಿನವರಿಗೆ ಹೇಳುವ ಮಾತಾ ಇದು! ಮೊದಲೇ ಎದೆ ಢವಢವ ಅನ್ನುವವರು ಆವತ್ತು ಒಂದೇ ಲೋಟಕ್ಕೆ ನಿಲ್ಲಿಸಿ, ಸಾಕು.

ಕ್ರೀಮಿನ ವಿಷಯ

ಈಗ ಆ ಎರಡು ಟ್ಯೂಬಿಗೆ ಬರೋಣ. ಮೆಡಿಕಲ್‌ಗಳಲ್ಲಿ ಸಿಗುವ ಈ ಕ್ರೀಮ್‌ಗಳಲ್ಲಿ ಸಾಮಾನ್ಯವಾಗಿ ಇರುವುದು ಲಿಡೋಕೇನ್ ಮತ್ತು ಪ್ರಿಲೋಕೇನ್, ತಲಾ ಶೇ 2.5. ಹಚ್ಚಿ ಮೇಲೆ ಮುಚ್ಚಿದರೆ ಸುಮಾರು ಒಂದು ಗಂಟೆಯಲ್ಲಿ ಚರ್ಮ ಮರಗಟ್ಟುತ್ತದೆ. ಮೇಲ್ದುಟಿಯಂಥ ಪುಟ್ಟ ಜಾಗಕ್ಕೆ, ವೈದ್ಯರು ಹೇಳಿದಷ್ಟೇ ಹಚ್ಚಿದರೆ ಒಳ್ಳೆಯ ಉಪಾಯ.

ತೊಂದರೆ ಆಗುವುದು ದೂರದಿಂದ ಬರುವವರಿಗೆ, ಅಂದರೆ ನಮ್ಮಂಥವರಿಗೆ. ಕ್ಲಿನಿಕ್‌ನಲ್ಲಿ ಒಂದು ಗಂಟೆ ಕಾಯುವುದು ಯಾಕೆ, ಮನೆಯಲ್ಲೇ ಹಚ್ಚಿಕೊಂಡು ಹೋದರಾಯಿತು ಅನಿಸುತ್ತದೆ. ವಿರಾಜಪೇಟೆಯಿಂದ ಮೈಸೂರಿಗೆ ಸುಮಾರು ಮೂರು ಗಂಟೆ. ಎರಡೂ ಕಾಲಿಗೆ ದಪ್ಪಗೆ ಹಚ್ಚಿ, ಪ್ಲಾಸ್ಟಿಕ್ ಸುತ್ತಿ, ಮೇಲೆ ಜೀನ್ಸ್ ಹಾಕಿ, ತುಂಬಿದ ಬಸ್ಸಿನಲ್ಲಿ ಬೆವರುತ್ತಾ ಕೂತರೆ ಔಷಧಿ ಚರ್ಮದಲ್ಲೇ ನಿಲ್ಲುವುದಿಲ್ಲ. ರಕ್ತಕ್ಕೆ ಸೇರುತ್ತದೆ. ಅಮೆರಿಕದಲ್ಲಿ 22 ಮತ್ತು 25 ವರ್ಷದ ಇಬ್ಬರು ಹೆಣ್ಣುಮಕ್ಕಳು ಲೇಸರ್‌ಗೆ ಮೊದಲು ಕಾಲಿಗೆ ಮರಗಟ್ಟಿಸುವ ಕ್ರೀಮ್ ಹಚ್ಚಿ, ಹೀಗೇ ಪ್ಲಾಸ್ಟಿಕ್ ಸುತ್ತಿಕೊಂಡಿದ್ದರು. ಇಬ್ಬರಿಗೂ ಫಿಟ್ಸ್ ಬಂತು, ಕೋಮಾಕ್ಕೆ ಹೋದರು, ತೀರಿಕೊಂಡರು. ಅವರು ಹಚ್ಚಿದ್ದು ಔಷಧಿ ಇನ್ನೂ ಹೆಚ್ಚಿದ್ದ ಕ್ರೀಮ್. ಅಲ್ಲಿನ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2007ರಲ್ಲಿ ಇದನ್ನು ಹೇಳಿಯೇ ಎಚ್ಚರಿಕೆ ಕೊಟ್ಟಿತು.

ಹಾಗಾಗಿ ಕ್ರೀಮ್ ಹಚ್ಚುವುದಿದ್ದರೆ ಕ್ಲಿನಿಕ್‌ನಲ್ಲೇ, ಅವರ ಕಣ್ಣೆದುರೇ ಹಚ್ಚಿ. ದೊಡ್ಡ ಭಾಗಕ್ಕೆ ಒಮ್ಮೆಲೇ ಬೇಡ. ಜಿಗಣೆ ಕಚ್ಚಿ ಕೆರೆದು ಗಾಯವಾದ ಕಾಲಿಗೆ ಬೇಡವೇ ಬೇಡ, ಒಡೆದ ಚರ್ಮದಿಂದ ಔಷಧಿ ಬೇಗ ಒಳಗೆ ಹೋಗುತ್ತದೆ. ಗಾಯ ಆರುವ ತನಕ ಅಲ್ಲಿಗೆ ಲೇಸರ್ ಕೂಡ ಬೇಡ. ತುಟಿಯ ಸುತ್ತ ಜುಮ್ ಅನ್ನುವುದು, ಕಿವಿಯಲ್ಲಿ ಗುಯ್ ಅನ್ನುವುದು, ತಲೆ ತಿರುಗುವುದು, ತುಟಿ ಉಗುರು ನೀಲಿಯಾಗುವುದು, ಇದರಲ್ಲಿ ಯಾವುದು ಕಂಡರೂ ತಕ್ಷಣ ಒರೆಸಿ ತೆಗೆದು ಆಸ್ಪತ್ರೆಗೆ ಓಡಿ.

ನನ್ನ ಇನ್ನೊಂದು ತಕರಾರೂ ಇದೆ. ಪೂರ್ತಿ ಮರಗಟ್ಟಿದರೆ ಚರ್ಮ ಸುಡುತ್ತಿರುವುದೂ ಗೊತ್ತಾಗುವುದಿಲ್ಲ. ನಮ್ಮ ಹುಡುಗಿ ಕಂಕುಳಿಗೆ ಮಾತ್ರ ಕ್ಲಿನಿಕ್‌ನವರಿಂದ ತೆಳುವಾಗಿ ಹಚ್ಚಿಸಿಕೊಂಡಳು. ಕಾಲಿಗೆ ಬರೀ ತಂಪು ಗಾಳಿ.

ಮೇಜಿನ ಮೇಲೆ

ಕನ್ನಡಕ ಕೊಡುತ್ತಾರೆ, ಹಾಕಿಕೊಳ್ಳಿ. ಹಚ್ಚೆ ಇರುವ ಜಾಗದ ಮೇಲೆ ಹೊಡೆಸಲೇಬೇಡಿ. ಮಚ್ಚೆಗಳನ್ನು ಮುಚ್ಚಲು ಹೇಳಿ.

ಕಂಕುಳು ಹತ್ತು ನಿಮಿಷದ ಒಳಗೆ ಮುಗಿಯುತ್ತದೆ. ಪೂರ್ತಿ ಕಾಲಿಗೆ ಮುಕ್ಕಾಲು ಗಂಟೆಯೋ ಒಂದು ಗಂಟೆಯೋ ಬೇಕು. ಶಾಟ್ ಬೀಳುವ ಹೊತ್ತಿಗೆ ಉಸಿರು ಹಿಡಿಯಬೇಡಿ, ಬಿಡಿ. ಹತ್ತು ಶಾಟ್‌ಗೊಮ್ಮೆ ನಿಲ್ಲಿಸಲು ಮೊದಲೇ ಹೇಳಿಟ್ಟುಕೊಳ್ಳಿ. ಸುಟ್ಟ ಕೂದಲಿನ ವಾಸನೆ ಬರುತ್ತದೆ, ಹಂದಿ ಸುಡುವಾಗ ಬರುತ್ತದಲ್ಲ, ಹಾಗೇ. ಹೆದರಬೇಡಿ.

ಇಲ್ಲಿ ಕಲಿಯಬೇಕಾದ ವಿದ್ಯೆ ಒಂದೇ, ಎರಡು ಬಗೆಯ ನೋವನ್ನು ಬೇರೆ ಮಾಡುವುದು. ಚುರುಕ್ ಅಂದು ಎರಡು ಮೂರು ಸೆಕೆಂಡಿನಲ್ಲಿ ಇಳಿದರೆ ಅದು ಕೆಲಸದ ನೋವು. ತಂಪು ಕೊಟ್ಟರೂ ಇಳಿಯದೆ, ಶಾಟ್‌ನಿಂದ ಶಾಟ್‌ಗೆ ಏರುತ್ತಾ, ಬಿಸಿ ಪಾತ್ರೆ ಒತ್ತಿಟ್ಟ ಹಾಗೆ ಉಳಿದರೆ ಅದು ಸುಡುವ ನೋವು. ಆಗ "ನಿಲ್ಲಿಸಿ" ಅನ್ನಿ. "ಸ್ವಲ್ಪ ಸಹಿಸಿಕೊಳ್ಳಿ ಮೇಡಂ, ಆಯ್ತು ಆಯ್ತು" ಅಂದರೂ ನಿಲ್ಲಿಸಿ ಅಂತಲೇ ಅನ್ನಿ. ಶಕ್ತಿ ಇಳಿಸಬಹುದು, ತುದಿಗೆ ಅಂಟಿದ ಕೂದಲು ಒರೆಸಬಹುದು, ತಂಪು ಹೆಚ್ಚಿಸಬಹುದು. ನೀವು ಬಾಯಿಬಿಡದಿದ್ದರೆ ಅವರಿಗೆ ಹೇಗೆ ಗೊತ್ತಾಗಬೇಕು? ಚಿಕ್ಕಂದಿನಿಂದ ಹೆಣ್ಣುಮಕ್ಕಳಿಗೆ ತಾಳಿಕೋ ಅಂತಲೇ ಕಲಿಸಿದ್ದೇವೆ, ಆ ಪಾಠ ಈ ಮೇಜಿನ ಮೇಲೆ ಕೆಲಸಕ್ಕೆ ಬರುವುದಿಲ್ಲ.

ಮನೆಗೆ ಬಂದ ಮೇಲೆ

ಕೂದಲಿನ ಬುಡದಲ್ಲಿ ಕೆಂಪಗೆ ಸಣ್ಣ ಸಣ್ಣ ಗುಳ್ಳೆ ಏಳುತ್ತವೆ. ಅದು ಲೇಸರ್ ಸರಿಯಾಗಿ ಬಿದ್ದ ಗುರುತು, ಕೆಲವು ಗಂಟೆಗಳಲ್ಲಿ, ಹೆಚ್ಚೆಂದರೆ ಎರಡು ದಿನದಲ್ಲಿ ಇಳಿಯುತ್ತದೆ. ಐಸನ್ನು ಬಟ್ಟೆಯಲ್ಲಿ ಸುತ್ತಿ ಹತ್ತು ನಿಮಿಷ ಇಡಿ, ನೇರವಾಗಿ ಒತ್ತಬೇಡಿ.

ಕೊಡಗಿನ ಮಳೆಗಾಲದಲ್ಲಿ ಪಾಲಿಸಲು ತುಂಬಾ ಕಷ್ಟದ ನಿಯಮ ಇದು: ಎರಡು ದಿನ ಬಿಸಿನೀರಿನ ಸ್ನಾನ ಇಲ್ಲ. ಬಚ್ಚಲೊಲೆಯ ಮೇಲೆ ಹಂಡೆ ಕುದಿಯುತ್ತಿದ್ದರೂ ಉಗುರುಬೆಚ್ಚಗಿನ ನೀರಿಗೇ ತೃಪ್ತಿಪಡಬೇಕು. ಒಲೆ ಮುಂದೆ ಕಾಲು ಚಾಚಿ ಚಳಿ ಕಾಯಿಸುವುದೂ ಬೇಡ. ಕಂಕುಳಿಗೆ ಡಿಯೋಡರೆಂಟ್ ಬೇಡ, ಬಿಗಿ ರವಿಕೆ ಬೇಡ, ಸಡಿಲ ಹತ್ತಿ ಬಟ್ಟೆ ಹಾಕಿ. ವಾಪಸ್ ಬರುವ ಬಸ್ಸಿನಲ್ಲಿ ಕಿಟಕಿ ಪಕ್ಕದ ಸೀಟು ಹಿಡಿಯಿರಿ. ಮೇಲಿನ ಕಂಬಿ ಹಿಡಿದು ಗೋಣಿಕೊಪ್ಪದ ತನಕ ನಿಂತರೆ ಕಂಕುಳು ಏನನ್ನುತ್ತದೆ ಅಂತ ನಾನು ಅನುಭವದಿಂದ ಹೇಳಬಲ್ಲೆ.

ಒಂದರಿಂದ ಮೂರು ವಾರದಲ್ಲಿ ಕೂದಲು ತಾನಾಗಿ ಉದುರುತ್ತದೆ. ಚಿಮುಟದಿಂದ ಕೀಳಬೇಡಿ. ಬಿಸಿಲಿಗೆ ಹೋಗುವಾಗ ಎಸ್‌ಪಿಎಫ್ 30ಕ್ಕೆ ಕಡಿಮೆ ಇಲ್ಲದ ಸನ್‌ಸ್ಕ್ರೀನ್ ಇರಲಿ. ನೀರುಗುಳ್ಳೆ, ಪಟ್ಟೆ ಪಟ್ಟೆ ಕಲೆ, ಎರಡು ದಿನ ಕಳೆದರೂ ಇಳಿಯದ ಉರಿ ಇದ್ದರೆ ವೈದ್ಯರಿಗೆ ತೋರಿಸಿ. ಪಕ್ಕದ ಮನೆಯವರು ಹೇಳಿದ ಬಿಳಿಯಾಗುವ ಕ್ರೀಮನ್ನು ಹಚ್ಚಬೇಡಿ. ಅಂಥವುಗಳಲ್ಲಿ ಎಷ್ಟೋ ಸಲ ಸ್ಟೀರಾಯ್ಡ್ ಇರುತ್ತದೆ.

ಯಾವ ಮಷಿನ್, ಎಷ್ಟು ಶಕ್ತಿ, ಎಲ್ಲಿ ಜಾಸ್ತಿ ನೋಯಿತು ಅಂತ ಅವತ್ತೇ ಬರೆದಿಡಿ. ನಮ್ಮ ಹುಡುಗಿ ಮೊಬೈಲಿನಲ್ಲಿ ಬರೆದಿಟ್ಟಿದ್ದಾಳೆ: "ಎಡಗಾಲು, ಮಂಡಿ ಕೆಳಗೆ, ಹತ್ತರಲ್ಲಿ ಏಳು. ಕಂಕುಳು ಐದು. ಚಿಕ್ಕಮ್ಮ ಎರಡು ಅಂದಿದ್ದರು."

ನಾನು ಹಾಗೆ ಅಂದದ್ದು ನಿಜ. ಬಸ್ಸಿನಲ್ಲಿ ಅವಳ ಮುಖ ನೋಡಿ ಅಂದದ್ದು.